ಮನೆಯಲ್ಲೇ ಇರುವ ಕಾರಿಗೆ ಟ್ರ್ಯಾಕ್ ಟೈರು

ಬಸವನಗುಡಿಯ ಒಬ್ಬ ಹಲ್ಲಿನ ಡಾಕ್ಟರು ನಮ್ಮ ಅಂಗಡಿಗೆ ಬಂದು, ರಸ್ತೆಗೂ ಆಗಬೇಕು, ರೇಸ್ ಟ್ರ್ಯಾಕಿಗೂ ಆಗಬೇಕು, ಅಂಥ ಟೈರು ಆರಿಸಿಕೊಡಿ ಅಂದಾಗ ನನಗೆ ಖುಷಿಯಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಆ ಖುಷಿ ಒಂದು ಕಾರಣ.

ಚಾಮರಾಜಪೇಟೆಯ ನಮ್ಮ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಟ್ಯಾಕ್ಸಿಯವರು, ಮನೆ ಕಾರಿನವರು, ಕಲಾಸಿಪಾಳ್ಯಕ್ಕೆ ತರಕಾರಿ ತರುವ ಸಣ್ಣ ಗಾಡಿಯವರು. ಎಷ್ಟು ದಿನ ಬಾಳಿಕೆ ಬರುತ್ತೆ, ಹಳೇದನ್ನ ತಗೋತೀರಾ, ಇಷ್ಟೇ ಮಾತು. ಎಷ್ಟೋ ಜನ ನನ್ನನ್ನು ನೋಡಿ, "ಓನರ್ ಇಲ್ವಾಮ್ಮ?" ಅಂತ ಕೇಳುತ್ತಾರೆ. ಡಾಕ್ಟರು ಹಾಗೆ ಕೇಳಲಿಲ್ಲ. ನೇರ ನನ್ನ ಹತ್ತಿರ ಬಂದು, ರ‍್ಯಾಕಿನಲ್ಲಿದ್ದ ಒಂದು ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ, "ಇದು ತಿರುವಿನಲ್ಲಿ ಎಷ್ಟು ಬಾಗುತ್ತೆ ಮೇಡಂ?" ಅಂದರು. ಅಂಥ ಪ್ರಶ್ನೆ ಯಾರಾದರೂ ನನ್ನನ್ನು ಕೇಳಿ ಬಹಳ ಕಾಲವಾಗಿತ್ತು.

ಅವರದು ಚಿಕ್ಕ ಕಾರು, ಆದರೆ ಎಂಜಿನ್ ಜೋರಿನದು. ಚೆನ್ನೈ ಕಡೆಯ ಒಂದು ಟ್ರ್ಯಾಕಿನಲ್ಲಿ ಕೆಲವು ಭಾನುವಾರ ಸಾಮಾನ್ಯ ಜನರ ಕಾರುಗಳನ್ನೂ ಬಿಡುತ್ತಾರಂತೆ. ಸ್ಪರ್ಧೆ ಅಲ್ಲ, ಯಾರಿಗೂ ಬಹುಮಾನ ಇಲ್ಲ. ಎದುರಿನಿಂದ ಯಾರೂ ಬರದ ರಸ್ತೆಯಲ್ಲಿ ಕಾರಿನ ಶಕ್ತಿ ಎಷ್ಟಿದೆಯೋ ಅಷ್ಟನ್ನೂ ಓಡಿಸಿ ನೋಡಬಹುದು. ಅವರು ಅದರ ರುಚಿ ಹತ್ತಿಸಿಕೊಂಡಿದ್ದರು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಅಂದರೆ, ಕೇಳಿದೆ ಅಂದುಕೊಂಡೆ. ಟ್ರ್ಯಾಕಿಗೆ ಕಾರನ್ನು ಓಡಿಸಿಕೊಂಡೇ ಹೋಗುತ್ತೀರಾ, ಬ್ರೇಕ್ ಪ್ಯಾಡ್ ಬದಲಾಯಿಸಿದ್ದೀರಾ, ಒಂದು ಸಲಕ್ಕೆ ಎಷ್ಟು ಸುತ್ತು ಹೊಡೆಯುತ್ತೀರಿ, ಯಾವ ಕಡೆಯ ತಿರುವು ಜಾಸ್ತಿ.

"ದಿನಾ ಇದರಲ್ಲೇ ಓಡಾಟನಾ ಸರ್?"

"ಇಲ್ಲ ಮೇಡಂ. ಕ್ಲಿನಿಕ್ ಹತ್ರನೇ, ಸ್ಕೂಟರಲ್ಲಿ ಹೋಗ್ಬಿಡ್ತೀನಿ. ಕಾರು ಮನೇಲೇ ಇರುತ್ತೆ."

ಮನೇಲೇ ಇರುತ್ತೆ ಅಂದರೆ ಸುಮ್ಮನೆ ನಿಂತಿರುತ್ತೆ ಅಂತ ನಾನು ಅರ್ಥ ಮಾಡಿಕೊಂಡೆ. ಮನೆಯಲ್ಲಿ ಇನ್ನು ಯಾರಿದ್ದಾರೆ ಅಂತ ಕೇಳಲಿಲ್ಲ.

ಇಂಥ ಕಾರಿಗೆ ಹಾಕಬಹುದಾದ ಟೈರುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಕಂಪನಿಯಿಂದ ಬರುವಾಗಲೇ ಇರುವ ಟೈರು ಗಟ್ಟಿ ರಬ್ಬರಿನದು, ಬಹಳ ಕಾಲ ಬರುತ್ತದೆ, ಟ್ರ್ಯಾಕಿನಲ್ಲಿ ಮಾತ್ರ ಬೇಗ ಸೋಲುತ್ತದೆ. ಅದಕ್ಕಿಂತ ಮೇಲಿನದು ಮೆತ್ತಗಿನ ರಬ್ಬರಿನ ರಸ್ತೆ ಟೈರು. ಆಳವಾದ ಗೆರೆಗಳಿರುವುದರಿಂದ ಮಳೆಯಲ್ಲೂ ನೀರನ್ನು ಆಚೆ ತಳ್ಳಿ ನೆಲ ಹಿಡಿಯುತ್ತದೆ. ಮೂರನೆಯದು ಹೆಸರಿಗೆ ರಸ್ತೆಯದು, ಮನಸ್ಸೆಲ್ಲ ಟ್ರ್ಯಾಕಿನದು. ರಬ್ಬರು ಇನ್ನೂ ಮೆತ್ತಗೆ, ಗೆರೆಗಳು ಕಡಿಮೆ, ಇರುವ ಗೆರೆಗಳೂ ಆಳವಿಲ್ಲ. ಒಣ ನೆಲದಲ್ಲಿ ಬಿಸಿಯಾದ ಮೇಲೆ ಅಂಟಿನ ಹಾಗೆ ಹಿಡಿಯುತ್ತದೆ. ನೆಲ ಒದ್ದೆಯಾದರೆ ನೀರು ಹೋಗುವುದಕ್ಕೆ ದಾರಿ ಕಡಿಮೆ.

ಮೊದಲು ನಾನು ಎರಡನೆಯ ಬಗೆಯನ್ನೇ ಹಾಕಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಟ್ರ್ಯಾಕಿಗೆ ಹೋಗಿ ಬಂದು, ಸೋಮವಾರ ಡಾಕ್ಟರು ಕಾರನ್ನು ಅಂಗಡಿ ಮುಂದೆ ನಿಲ್ಲಿಸಿದರು. ಮುಂದಿನ ಎರಡೂ ಟೈರುಗಳ ಹೊರ ಅಂಚು ಬೆಂದು, ರಬ್ಬರಿನ ಚೂರುಗಳು ಕಿತ್ತುಬಂದಿದ್ದವು.

"ಮೂರು ನಾಲ್ಕು ಸುತ್ತು ಚೆನ್ನಾಗಿತ್ತು ಮೇಡಂ. ಆಮೇಲೆ ಬೆಣ್ಣೆ ಮೇಲೆ ಓಡ್ಸಿದ ಹಾಗೆ ಆಯ್ತು."

ಅವರು ದೂರುತ್ತಿರಲಿಲ್ಲ, ವಿವರಿಸುತ್ತಿದ್ದರು. ಆದರೂ ನನಗೆ ಸೋತ ಹಾಗಾಯಿತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಟ್ರ್ಯಾಕು ಮಾತ್ರ. ರಸ್ತೆ ಅನ್ನುವುದು ಟ್ರ್ಯಾಕಿಗೆ ಹೋಗುವ ದಾರಿಯಾಗಿ ಉಳಿದಿತ್ತು. ಮೂರನೆಯ ಬಗೆಯನ್ನು ತರಿಸೋಣ ಅಂತ ನಾನೇ ಹೇಳಿದೆ.

ಟೈರು ಬಂದ ದಿನ ಪಕ್ಕೆಯ ಮೇಲಿನ ತಯಾರಿಕೆಯ ವಾರ, ಭಾರ ಹೊರುವ ಅಂಕಿ, ವೇಗದ ಅಕ್ಷರ ಎಲ್ಲ ಓದಿ ನೋಡಿ ಇಳಿಸಿಕೊಂಡೆ. ನಮ್ಮ ಫಿಟ್ಟರ್ ಅಪ್ಪನ ಕಾಲದಿಂದ ಇರುವವರು. ಅವರು ರಿಮ್ಮಿಗೆ ಟೈರು ಏರಿಸಿ, ಬ್ಯಾಲೆನ್ಸ್ ಮಾಡಿ, ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತದಾ ನೋಡಿದರು. ಎಡಗಡೆ ಒಳಗಿನ ಪ್ಲಾಸ್ಟಿಕ್ಕಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಅದನ್ನು ಬಿಸಿ ಮಾಡಿ ಹಿಂದಕ್ಕೆ ಒತ್ತಿದೆವು. ಹೊರ ಅಂಚು ಮತ್ತೆ ಬೇಯದಿರಲಿ ಅಂತ, ಬೋಲ್ಟಿನ ಸಡಿಲದಲ್ಲಿ ಸಿಕ್ಕಷ್ಟು ಮುಂದಿನ ಚಕ್ರಗಳ ಮೇಲ್ತುದಿಯನ್ನು ಒಳಕ್ಕೆ ವಾಲಿಸಿ ಅಲೈನ್‌ಮೆಂಟ್ ಕೂರಿಸಿದೆವು.

ಕೈ ಒರೆಸಿಕೊಳ್ಳುತ್ತ ಫಿಟ್ಟರ್, "ಮಳೆಗಾಲ ಬರ್ತಿದೆ ಅಕ್ಕ," ಅಂದರು.

"ಅವರಿಗೆ ಹೇಳಿದೀನಿ," ಅಂದೆ.

ಹೇಳಿದ್ದೆ, ನಿಜ. ಮಳೆಯಲ್ಲಿ ನಿಧಾನ ಸರ್, ಮುಂದಿನ ಗಾಡಿಯಿಂದ ದೂರ ಇಟ್ಟುಕೊಳ್ಳಿ ಅಂತ. ಅವರು ತಲೆಯಾಡಿಸಿದ್ದರು. ನಾನು ಹೇಳಿದ್ದು ಅವರೊಬ್ಬರಿಗೆ.

ಮುಂದಿನ ಟ್ರ್ಯಾಕ್ ದಿನಕ್ಕೆ ಡಾಕ್ಟರು ನನ್ನನ್ನೂ ಕರೆದರು. ಇಷ್ಟು ವರ್ಷ ಟೈರು ಮಾರಿದ ನಾನು ಟ್ರ್ಯಾಕ್ ನೋಡಿರಲಿಲ್ಲ. ಸೂಜಿಯಂಥ ಮೊನೆಯ ಒಂದು ಥರ್ಮಾಮೀಟರ್, ಗಾಳಿ ಅಳೆಯುವ ಒಳ್ಳೆಯ ಗೇಜು ಹಿಡಿದು ಹೋದೆ. ಕಾರು ಟ್ರ್ಯಾಕಿನಿಂದ ಆಚೆ ಬಂದು ನಿಂತ ಕೂಡಲೇ ಓಡಿ ಹೋಗಿ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಸೂಜಿ ಚುಚ್ಚಿ ಶಾಖ ನೋಡುತ್ತಿದ್ದೆ. ನಡುಭಾಗ ಜಾಸ್ತಿ ಬಿಸಿಯಿದ್ದರೆ ಒಳಗೆ ಗಾಳಿ ಹೆಚ್ಚಿದೆ ಅಂತ ಅರ್ಥ. ಸ್ವಲ್ಪ ಬಿಡುತ್ತಿದ್ದೆ. ಓಡಿದ ಹಾಗೆ ಟೈರು ಕಾದು ಒಳಗಿನ ಒತ್ತಡ ತಾನಾಗಿ ಏರುತ್ತದೆ, ಹಾಗಾಗಿ ಪ್ರತಿ ಸಲವೂ ಒಂದಿಷ್ಟು ಬಿಡಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರೂ ಕಡೆಯ ಶಾಖ ಹತ್ತಿರ ಹತ್ತಿರ ಬಂತು. ಡಾಕ್ಟರು ಹೆಲ್ಮೆಟ್ ತೆಗೆದು, ಬೆವರಿನ ಮುಖದಲ್ಲಿ ನಗುತ್ತ, "ಈಗ ಕಾರು ನಾನು ಹೇಳಿದ ಕಡೆ ಹೋಗ್ತಿದೆ ಮೇಡಂ," ಅಂದರು. ಅವರ ಸ್ನೇಹಿತರು ನಾಲ್ಕೈದು ಜನ ಬಂದು ನಮ್ಮ ಅಂಗಡಿ ಎಲ್ಲಿ ಅಂತ ವಿಚಾರಿಸಿಕೊಂಡರು. ಆ ದಿನದಷ್ಟು ಹೆಮ್ಮೆ ನನ್ನ ಕೆಲಸದಲ್ಲಿ ನನಗೆ ಬೇರೆ ಯಾವತ್ತೂ ಆಗಿಲ್ಲ.

ಬಿಸಿಯಲ್ಲಿ ಸರಿಮಾಡಿದ ಗಾಳಿ ಟೈರು ತಣ್ಣಗಾದ ಮೇಲೆ ತೀರಾ ಕಡಿಮೆಯಾಗುತ್ತದೆ. ಮನೆಗೆ ಹೊರಡುವ ಮುಂಚೆ ರಸ್ತೆಗೆ ಬೇಕಾದಷ್ಟು, ಗೇಜಿನಲ್ಲಿ ಮೂವತ್ತಮೂರಕ್ಕೆ, ಮತ್ತೆ ತುಂಬಿಸಬೇಕು. ಅಲ್ಲಿದ್ದ ಪಂಪಿನ ಮುಂದೆ ಸಾಲು ನಿಂತಿತ್ತು. "ದಾರೀಲಿ ಪೆಟ್ರೋಲ್ ಬಂಕಲ್ಲಿ ಹಾಕಿಸ್ತೀನಿ," ಅಂದರು ಡಾಕ್ಟರು. ನಾನು ಬೇರೆ ಗಾಡಿಯಲ್ಲಿ ವಾಪಸ್ ಬಂದೆ. ಮಾರನೆಯ ದಿನ ಫೋನ್ ಮಾಡಿ ಹಾಕಿಸಿದಿರಾ ಅಂತ ಕೇಳಬಹುದಿತ್ತು. ಫೋನ್ ಮಾಡಿದೆ, ಆದರೆ ಸುತ್ತಿನ ಟೈಮ್ ಎಷ್ಟು ಇಳಿಯಿತು ಅಂತ ಕೇಳುವುದಕ್ಕೆ.

ಮಳೆ ಶುರುವಾಯಿತು. ಮೊದಲ ಮಳೆಗಳಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಅಂತ ಇಲ್ಲಿ ಗಾಡಿ ಓಡಿಸುವವರಿಗೆಲ್ಲ ಗೊತ್ತು. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೀರಿನ ಜೊತೆ ಕಲೆತು, ಕಾಂಕ್ರೀಟಿನ ಮೇಲೆ ಸೋಪು ಹಚ್ಚಿದ ಹಾಗಿರುತ್ತದೆ.

ಅಂಥ ಒಂದು ವಾರ ಡಾಕ್ಟರು ಕಾರು ತಂದರು. ಬಂಪರಿನ ಎಡಮೂಲೆ ಒಳಕ್ಕೆ ಹೋಗಿತ್ತು. ಎಡ ಮುಂಚಕ್ರದ ರಿಮ್ಮಿನ ಮೇಲೆ ಫುಟ್‌ಪಾತಿನ ಕಲ್ಲಿಗೆ ಉಜ್ಜಿದ ಗೀರು.

"ಏನಾಯ್ತು ಸರ್?"

"ಅಮ್ಮ ಗಾಂಧಿಬಜಾರ್ ಕಡೆಗೆ ತಗೊಂಡು ಹೋಗಿದ್ರು. ನಿಂತಿದ್ದ ಆಟೋಗೆ ಗುದ್ದಿದಾರೆ. ಪುಣ್ಯ, ಆಟೋಲಿ ಯಾರೂ ಇರ್ಲಿಲ್ಲ. ವೀಲ್ ಏನಾದ್ರೂ ಬಾಗಿದೆಯಾ ನೋಡ್ಬಿಡಿ."

"ಅಮ್ಮ ಓಡಿಸ್ತಾರಾ?"

"ದಿನಾ ಅವರೇ ತಾನೆ ಓಡ್ಸೋದು. ನನಗೆ ಕಲಿಸಿದ್ದೂ ಅವರೇ."

ನಾನು ಜ್ಯಾಕ್ ತರುವ ನೆಪದಲ್ಲಿ ಒಳಗೆ ಹೋಗಿ ಬಂದೆ. ಅವರು ಮುಂದುವರಿಸಿದರು. ಸ್ಕೂಲ್ ಹುಡುಗಿಯೊಬ್ಬಳು ಅಡ್ಡ ಬಂದಳಂತೆ. ಅಮ್ಮ ಬ್ರೇಕ್ ತುಳಿದರಂತೆ. ಹುಡುಗಿ ದಾಟಿಬಿಟ್ಟಳು, ಕಾರು ಮಾತ್ರ ನಿಲ್ಲದೆ ಆ ಹುಡುಗಿ ಇದ್ದ ಜಾಗವನ್ನು ಹಾದು, ಜಾರಿ, ಕಲ್ಲಿಗೆ ಉಜ್ಜಿ ಆಟೋಗೆ ಹೋಗಿ ತಾಗಿತಂತೆ.

"ಬ್ರೇಕ್ ಮೇಲೆ ಕಾಲು ನಡುಗ್ಬಿಡ್ತು, ಗಟ್ಟಿಯಾಗಿ ಒತ್ತಕ್ಕೇ ಆಗ್ಲಿಲ್ಲ ಅಂತಾರೆ ಮೇಡಂ. ಗಡಗಡ ಅಂತ ನಡುಗ್ತಂತೆ. ವಯಸ್ಸೂ ಅರವತ್ತೆಂಟಾಯ್ತಲ್ಲ. ನರದ ಡಾಕ್ಟರಿಗೆ ತೋರಿಸ್ತಿದೀನಿ. ಅಲ್ಲೀವರೆಗೂ ಕೀ ತೆಗೆದಿಟ್ಟಿದೀನಿ."

ಗಡಗಡ ಅಂದ ಕೂಡಲೇ ನನಗೆ ಗೊತ್ತಾಯಿತು. ಟೈರು ಹಿಡಿತ ಬಿಟ್ಟು ಚಕ್ರ ನಿಂತು ಜಾರುವುದಕ್ಕೆ ಹೋದಾಗ, ಕಾರಿನ ಎಬಿಎಸ್ ಬ್ರೇಕನ್ನು ಕ್ಷಣಕ್ಕೆ ಎಷ್ಟೋ ಸಲ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆಗ ಪೆಡಲ್ ಕಾಲನ್ನು ವಾಪಸ್ ಒದೆಯುತ್ತದೆ. ಗೊತ್ತಿಲ್ಲದವರಿಗೆ ಅದು ತಮ್ಮ ಕಾಲೇ ನಡುಗಿದ ಹಾಗೆ ಅನ್ನಿಸುತ್ತದೆ. ನಡುಗಿದ್ದು ಆ ತಾಯಿಯ ಕಾಲಲ್ಲ.

ಫಿಟ್ಟರ್ ಗೇಜು ಹಚ್ಚಿ ಮೆಲ್ಲಗೆ, "ಇಪ್ಪತ್ತಾರು," ಅಂದರು. ನಾಲ್ಕೂ ಚಕ್ರಗಳು ಹೆಚ್ಚುಕಡಿಮೆ ಅಷ್ಟೇ. ಟ್ರ್ಯಾಕಿನಿಂದ ಬರುವಾಗ ಬಂಕಿನಲ್ಲಿ ಗಾಳಿ ಹಾಕಿಸಿರಲಿಲ್ಲ. ಗಾಳಿ ಅಷ್ಟು ಕಡಿಮೆಯಿದ್ದರೆ ಟೈರಿನ ನಡುಭಾಗ ಮೆತ್ತಗಾಗಿ ನೀರಿನ ಮೇಲೆ ತೇಲುತ್ತದೆ. ಮೊದಲೇ ಆಳವಿಲ್ಲದ ಗೆರೆಗಳು ಟ್ರ್ಯಾಕಿನಲ್ಲಿ ಅರ್ಧ ಸವೆದಿದ್ದವು. ಕಾದು ಆರಿ, ಕಾದು ಆರಿ ರಬ್ಬರೂ ಮೊದಲಿನಷ್ಟು ಮೆತ್ತಗಿರಲಿಲ್ಲ.

ಫಿಟ್ಟರ್ ನನ್ನ ಮುಖ ನೋಡಿದರು. ಡಾಕ್ಟರು ಫೋನ್ ನೋಡುತ್ತ ಹೊರಗೆ ನಿಂತಿದ್ದರು.

"ಗಾಳಿ ಹೊಡೀರಿ," ಅಂದೆ.

ಮೂವತ್ತಮೂರಕ್ಕೆ ತುಂಬಿಸಿದೆವು. ಅಲೈನ್‌ಮೆಂಟ್ ನೋಡಿದೆವು. ಹೊರಗೆ ಹೋಗಿ, "ಏನೂ ಬಾಗಿಲ್ಲ ಸರ್, ಸರಿಯಿದೆ," ಅಂದೆ. ಅದರಲ್ಲಿ ಸುಳ್ಳು ಒಂದು ಮಾತೂ ಇರಲಿಲ್ಲ. ಕಾರು ಹೋದ ಮೇಲೆ ಫಿಟ್ಟರ್ ಟೂಲ್‌ಗಳನ್ನು ಜೋಡಿಸಿಟ್ಟು ಊಟಕ್ಕೆ ಹೋದರು.

ಯಾಕೆ ಸುಮ್ಮನಿದ್ದೆ ಅಂತ ಆಮೇಲೆ ಬೇಕಾದಷ್ಟು ಯೋಚಿಸಿದ್ದೇನೆ. ಟ್ರ್ಯಾಕಿನ ಆ ನಾಲ್ಕೈದು ಜನ ಅದೇ ಟೈರಿಗೆ ಹೇಳಿ ಹೋಗಿದ್ದರು. ಅಂಗಡಿಯ ಹೆಸರಿನ ಪ್ರಶ್ನೆ ಇತ್ತು. ಅಮ್ಮನ ನರದ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ಎಲ್ಲ ತಾನಾಗಿ ಸರಿಹೋಗುತ್ತೆ ಅಂತಲೂ ಅನ್ನಿಸಿತು. ಆದರೆ ಇವೆಲ್ಲ ಆಮೇಲೆ ಹುಡುಕಿಕೊಂಡ ಕಾರಣಗಳು. ಅವತ್ತು ಆದದ್ದು ಇಷ್ಟೇ: ಬಾಯಿ ಬರಲಿಲ್ಲ, ಕೈ ಗಾಳಿಯ ಪೈಪಿಗೆ ಹೋಯಿತು.

ಸ್ವಲ್ಪ ದಿನದ ಮೇಲೆ ನಾನೇ ಫೋನ್ ಮಾಡಿ ಅಮ್ಮ ಹೇಗಿದ್ದಾರೆ ಅಂತ ಕೇಳಿದೆ.

"ರಿಪೋರ್ಟ್ ಎಲ್ಲ ನಾರ್ಮಲ್ ಮೇಡಂ. ಆದ್ರೂ ಕೀ ಕೊಟ್ರೆ ಅವರೇ ಬೇಡ ಅಂತಿದಾರೆ. ಮಲ್ಲೇಶ್ವರದಲ್ಲಿ ನಮ್ಮ ದೊಡ್ಡಮ್ಮ ಇದಾರೆ, ದಿನ ಬಿಟ್ಟು ದಿನ ಅಲ್ಲಿಗೆ ಓಡಿಸ್ಕೊಂಡು ಹೋಗ್ತಿದ್ರು. ಅದನ್ನೂ ನಿಲ್ಲಿಸಿದಾರೆ. ಆಟೋ ಮಾಡ್ಕೊಡ್ತೀನಿ ಅಂದ್ರೂ ಬೇಡವಂತೆ. ಒಂಥರಾ ಒಳ್ಳೇದೇ ಆಯ್ತು ಬಿಡಿ, ಈ ಟ್ರಾಫಿಕ್ಕಲ್ಲಿ."

ಒಳ್ಳೇದೇ ಆಯ್ತು ಅನ್ನುವ ಮಾತಿಗೆ ನಾನು ಹೂಂ ಅಂದೆ. ಗಾಳಿ ತುಂಬಿಸಿದ ದಿನ ನಾನು ಸುಮ್ಮನಿದ್ದೆ ಅಷ್ಟೇ. ಈಗ ಒಪ್ಪಿಗೆಯನ್ನೂ ಕೊಟ್ಟಿದ್ದೆ. ಅಲ್ಲದೆ, ಅಂಗಡಿಯಲ್ಲಿ ಹೆಂಗಸು ಕೂತಿದ್ದರೆ ಓನರ್ ಇಲ್ವಾ ಅಂತ ಕೇಳುವವರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತದೆ. ಮನೇಲೇ ಇರುವ ಕಾರನ್ನು ಮನೆಯಲ್ಲಿರುವ ಹೆಂಗಸು ಓಡಿಸಬಹುದು ಅಂತ ನನ್ನ ತಲೆಗೇ ಹೋಗಿರಲಿಲ್ಲ.

ಮಾರನೆಯ ದಿನ ಅಂಗಡಿಯನ್ನು ಫಿಟ್ಟರಿಗೆ ಒಪ್ಪಿಸಿ ಬಸವನಗುಡಿಗೆ ಹೋದೆ. ಡಾಕ್ಟರು ಕ್ಲಿನಿಕ್ಕಿನಲ್ಲಿರುವ ಹೊತ್ತನ್ನೇ ಆರಿಸಿದ್ದೆ. ಬಾಗಿಲು ತೆರೆದವರು ತೆಳ್ಳಗಿನ, ನೆಟ್ಟಗಿನ ಹೆಂಗಸು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅಂತ ಆಮೇಲೆ ತಿಳಿಯಿತು.

"ಟೈರ್ ಅಂಗಡಿಯವರಾ? ಮಗ ಕ್ಲಿನಿಕ್‌ಗೆ ಹೋಗಿದಾನಲ್ಲ."

"ನಿಮ್ಮ ಹತ್ರನೇ ಮಾತಾಡ್ಬೇಕಿತ್ತು ಅಮ್ಮ."

ಕೂರಿಸಿದರು. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದರು, ಅದನ್ನು ಆರಿಸಿ ಬಂದು ಎದುರಿಗೆ ಕೂತರು. ನಾನು ಹೇಗೆ ಶುರು ಮಾಡಬೇಕೋ ತಿಳಿಯದೆ ಕೊನೆಯದನ್ನೇ ಮೊದಲು ಹೇಳಿಬಿಟ್ಟೆ. ಅವತ್ತು ನಡುಗಿದ್ದು ನಿಮ್ಮ ಕಾಲಲ್ಲ, ಪೆಡಲ್ಲು. ಆ ಟೈರು ಮಳೆಗೆ ಆಗುವುದಲ್ಲ. ಆರಿಸಿಕೊಟ್ಟವಳು ನಾನು. ಗಾಳಿಯೂ ಕಡಿಮೆ ಇತ್ತು.

ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, "ಯಾವಾಗ ಗೊತ್ತಾಯ್ತು ನಿಮಗೆ?" ಅಂದರು.

"ನಿಮ್ಮ ಮಗ ಕಾರು ತಂದ ದಿನಾನೇ."

"ಗಾಳಿ ಎಷ್ಟಿತ್ತು ಅಂತ ನೋಡಿದ್ರಿ."

"ನೋಡಿದೆ."

"ನೋಡಿ ಏನ್ ಮಾಡಿದ್ರಿ?"

"ತುಂಬಿಸಿ ಕಳಿಸ್ದೆ. ಹೇಳ್ಲಿಲ್ಲ."

ಅವರು ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಮ್ಮ ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ ಅದನ್ನೇ ನೋಡುತ್ತ ಕೂತರು.

"ನಲವತ್ತು ವರ್ಷದಿಂದ ಓಡಿಸ್ತಿದೀನಿ," ಅಂದರು ಕೊನೆಗೆ. "ನನ್ನ ಮೊದಲಿನ ಕಾರಲ್ಲಿ ಹೀಗೆ ನಡುಗೋ ಪೆಡಲ್ ಇರ್ಲಿಲ್ಲ. ಈ ಕಾರಲ್ಲಿ ಒಂದು ಸಲಾನೂ ಹಾಗೆ ಆಗಿರ್ಲಿಲ್ಲ. ಆ ಹುಡುಗಿ ಒಂದು ಹೆಜ್ಜೆ ಹಿಂದೆ ಇದ್ದಿದ್ರೆ ನನ್ನ ಕಾಲಿಂದ ಸತ್ತಿರ್ತಿದ್ಲು ಅಂತ ನಾನು ಇಷ್ಟು ದಿನ ನಂಬ್ಕೊಂಡಿದೀನಿ. ಈಗ ನೀವು ಬಂದು ಅಲ್ಲ ಅಂತೀರಿ. ನೀವು ಹೇಳಿದ ಮಾತ್ರಕ್ಕೆ ಹೇಗೆ ಒಪ್ಕೊಳ್ಲಿ? ತೋರಿಸಿ ನನಗೆ."

ನಾನು ಅದಕ್ಕೆ ಸಿದ್ಧವಾಗಿ ಹೋಗಿರಲಿಲ್ಲ. ಆದರೆ ಒಪ್ಪಿಕೊಂಡೆ.

ಮೈಸೂರು ರಸ್ತೆಯ ಕಡೆ ನಮ್ಮ ದೊಡ್ಡಪ್ಪನ ಮಗನ ಗೋಡೌನಿದೆ. ಒಳಗೆ ಉದ್ದನೆಯ ಕಾಂಕ್ರೀಟ್ ಅಂಗಳ. ಭಾನುವಾರ ಬೆಳಿಗ್ಗೆ ಲಾರಿ ಯಾವುದೂ ಇರುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿ, ಕಾರು ತರುವುದಕ್ಕೆ ಕೇಳಿಕೊಂಡೆ. "ತರ್ತೀನಿ," ಅಂದು ಇಟ್ಟುಬಿಟ್ಟರು.

ಫಿಟ್ಟರ್ ಮುಂಚೆಯೇ ಹೋಗಿ ಬೋರ್‌ವೆಲ್ ನೀರಿನ ಪೈಪು ಎಳೆದು ಅಂಗಳವನ್ನೆಲ್ಲ ತೋಯಿಸಿದ್ದರು. ಕಾರಿಗೆ ಮೊದಲು ಇದ್ದ ಕಂಪನಿ ಟೈರುಗಳನ್ನು ಡಾಕ್ಟರು ನಮ್ಮಲ್ಲೇ ಬಿಟ್ಟಿದ್ದರು. ಅವುಗಳನ್ನು ಅದೇ ಅಳತೆಯ ಬೇರೆ ರಿಮ್ಮುಗಳಿಗೆ ಏರಿಸಿ ಗಾಡಿಯಲ್ಲಿ ತಂದಿದ್ದೆವು. ಮೊದಲು ಟ್ರ್ಯಾಕ್ ಟೈರಿನ ಗಾಳಿಯನ್ನು ಅವತ್ತಿದ್ದ ಹಾಗೇ ಇಪ್ಪತ್ತಾರಕ್ಕೆ ಇಳಿಸಿದೆ. ತೋಯಿಸಿದ ಜಾಗ ಶುರುವಾಗುವಲ್ಲಿ ಒಂದು ಇಟ್ಟಿಗೆ ಇಟ್ಟೆವು. ಇಟ್ಟಿಗೆ ದಾಟುವಾಗ ವೇಗ ಮೂವತ್ತು, ಅಲ್ಲೇ ಬ್ರೇಕು.

ಅಮ್ಮ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿ ಕೂತರು. ನಾನು ಪಕ್ಕದಲ್ಲಿ. ಮೊದಲ ಸಲ ಇಟ್ಟಿಗೆಯ ಹತ್ತಿರ ಬಂದು ಬ್ರೇಕ್ ತುಳಿಯದೆ ಮುಂದೆ ಹೋಗಿಬಿಟ್ಟರು. "ಆಗ್ಲಿಲ್ಲ," ಅಂದರು. ಎರಡನೆಯ ಸಲ ತುಳಿದರು. ಪೆಡಲ್ ಗಡಗಡ ಅಂದಿತು, ಕಾರು ಜಾರಿಕೊಂಡು ಹೋಗಿ ನಿಂತಿತು.

"ಇದೇ," ಅಂದರು.

ಕಾರು ನಿಂತ ಜಾಗಕ್ಕೆ ಫಿಟ್ಟರ್ ಇನ್ನೊಂದು ಇಟ್ಟಿಗೆ ಇಟ್ಟರು. ಅಮ್ಮ ಕಾರಿನಿಂದ ಇಳಿದು ನನಗೆ, "ಈಗ ನೀವು ಕೂತ್ಕೊಳ್ಳಿ," ಅಂದರು. ನಾನು ಓಡಿಸಿದೆ. ಅದೇ ವೇಗ, ಅದೇ ಬ್ರೇಕು. ಅವರು ಪಕ್ಕದ ಸೀಟಿನಿಂದ ಬಗ್ಗಿ ನನ್ನ ಕಾಲನ್ನೇ ನೋಡುತ್ತಿದ್ದರು. ನನ್ನ ಪಾದ, ಮೊಣಕಾಲು ಎಲ್ಲ ಅದುರಿತು. ವಿಷಯ ಮೊದಲೇ ಗೊತ್ತಿದ್ದ ನನಗೂ ಆ ಕ್ಷಣ ಕಾಲನ್ನು ಹಿಂದಕ್ಕೆ ತೆಗೆಯಬೇಕು ಅನ್ನಿಸಿತು. ಒಬ್ಬರೇ ಇದ್ದು, ಎದುರಿಗೆ ಮಗುವಿದ್ದಾಗ ಅದು ಹೇಗಿದ್ದಿರಬೇಕು ಅಂತ ಆಗ ತಿಳಿಯಿತು.

ಚಕ್ರ ಬದಲಾಯಿಸಿದೆವು. ಹಳೆಯ ಟೈರಿನಲ್ಲಿ ಅಮ್ಮ ಅದೇ ವೇಗದಲ್ಲಿ ಬಂದು ತುಳಿದರು. ಕಾರು ಎರಡನೆಯ ಇಟ್ಟಿಗೆಗಿಂತ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು ಹಿಂದೆಯೇ ನಿಂತಿತು. ಪೆಡಲ್ ಸದ್ದು ಮಾಡಲಿಲ್ಲ.

"ಇನ್ನೂ ಜೋರಾಗಿ ತುಳಿದ್ರೆ ಇದರಲ್ಲೂ ನಡುಗುತ್ತಾ?"

"ನಡುಗುತ್ತೆ ಅಮ್ಮ. ಯಾವ ಟೈರಾದ್ರೂ ನಡುಗುತ್ತೆ. ಆದ್ರೆ ಆಗ್ಲೂ ಬೇಗ ನಿಲ್ಲುತ್ತೆ. ನಡುಗಿದಾಗ ಕಾಲು ತೆಗೀಬಾರ್ದು, ಒತ್ತಿ ಹಿಡೀಬೇಕು."

ಅವರು ಜೋರಾಗಿ ತುಳಿದು ಅದನ್ನೂ ನೋಡಿದರು. ಮತ್ತೆ ನೋಡಿದರು. ನೀರು ಆರುವವರೆಗೂ ನೋಡಿದರು.

ಡಾಕ್ಟರು ಇಷ್ಟೂ ಹೊತ್ತು ಗೋಡೌನಿನ ಶಟರಿಗೆ ಒರಗಿ ನಿಂತಿದ್ದರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೊದಲು ನನಗೆ ಹೇಳ್ಬೇಕಿತ್ತು ನೀವು," ಅಂದರು. ನಾನು ಹೌದು ಅಂದೆ. ಅವರೇ ಮುಂದುವರಿಸಿ, "ಎಬಿಎಸ್ ಇರ್ಬಹುದು ಅಂತ ನನಗೂ ಒಂದು ಸಲ ಅನ್ನಿಸ್ತು. ಅಮ್ಮನೇ ಕಾಲು ಅಂತಿದ್ರಲ್ಲ, ಹಾಗೇ ಬಿಟ್ಬಿಟ್ಟೆ," ಅಂದರು. ಅಷ್ಟು ಹೇಳಿ ಇಟ್ಟಿಗೆಗಳನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಡುವುದಕ್ಕೆ ಹೋದರು.

ಆಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ಕಷ್ಟವಿರಲಿಲ್ಲ. ಮೊದಲ ದಿನವೇ ಹೇಳಬೇಕಾಗಿದ್ದ ಮಾತು ಅದು. ರಸ್ತೆಗೂ ಟ್ರ್ಯಾಕಿಗೂ ಒಂದೇ ಟೈರು ಬೇಕು ಅಂದರೆ ರಸ್ತೆಯ ಕಡೆಗೇ ವಾಲಿದ ಎರಡನೆಯ ಬಗೆಯನ್ನು ಹಾಕಿಕೊಂಡು, ಟ್ರ್ಯಾಕಿನಲ್ಲಿ ಕಡಿಮೆ ಸುತ್ತು ಹೊಡೆದು, ಟೈರು ಆರುವುದಕ್ಕೆ ಬಿಡಬೇಕು. ಅದು ಸಾಲದು ಅಂದರೆ ಎರಡು ಸೆಟ್ಟು ಚಕ್ರ ಬೇಕು. ಡಾಕ್ಟರು ಎರಡು ಸೆಟ್ಟು ಇಟ್ಟುಕೊಂಡರು. ಟ್ರ್ಯಾಕಿನ ಚಕ್ರಗಳು ಈಗ ಕಾರಿನ ಒಳಗೆ ಹೋಗುತ್ತವೆ, ಅಲ್ಲೇ ಹಾಕಿ ಅಲ್ಲೇ ಬಿಚ್ಚುತ್ತಾರೆ. ಅಲೈನ್‌ಮೆಂಟನ್ನು ಮೊದಲಿನ ಹಾಗೆ ಮಾಡಿಕೊಟ್ಟೆ. ಅವರ ಸ್ನೇಹಿತರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಮನೆಯಲ್ಲಿ ಕಾರು ಯಾರ‍್ಯಾರು ಓಡಿಸುತ್ತಾರೆ ಅಂತ ಕೇಳಿದೆ. ಇಬ್ಬರು ಟೈರು ಬೇಡ ಅಂದರು. ಒಬ್ಬರಿಗೆ ನನ್ನ ಪ್ರಶ್ನೆ ಇಷ್ಟವಾಗಲಿಲ್ಲ. ಡಾಕ್ಟರು ಅಂಗಡಿಗೆ ಈಗಲೂ ಬರುತ್ತಾರೆ, ಆದರೆ ಟ್ರ್ಯಾಕಿಗೆ ಕರೆಯುವುದಿಲ್ಲ. ನಾನೂ ಕೇಳಿಲ್ಲ.

ಗೋಡೌನಿನ ಭಾನುವಾರ ಕಳೆದು ಒಂದು ದಿನ ಅಮ್ಮನೇ ಅಂಗಡಿಗೆ ಫೋನ್ ಮಾಡಿದರು. ಮಲ್ಲೇಶ್ವರಕ್ಕೆ ಹೊರಟಿದ್ದೇನೆ, ಮೊದಲ ಸಲ ಒಬ್ಬಳೇ ಹೋಗುವುದಕ್ಕೆ ಧೈರ್ಯ ಬರುತ್ತಿಲ್ಲ, ಮಗನ ಜೊತೆ ಹೋದರೆ ಅವನು ನನ್ನನ್ನು ನೋಡುತ್ತಲೇ ಇರುತ್ತಾನೆ, ನೀವು ಬನ್ನಿ ಅಂದರು. ನಾನು ಕೈ ತೊಳೆದುಕೊಂಡು ರಸ್ತೆಯ ತುದಿಯಲ್ಲಿ ನಿಂತೆ.

ಮೋಡ ಇತ್ತು, ಮಳೆ ಇರಲಿಲ್ಲ. ಅವರು ಚೆನ್ನಾಗಿ ಓಡಿಸುತ್ತಾರೆ. ಬಸ್ಸಿನ ಪಕ್ಕದಲ್ಲಿ ಎಷ್ಟು ಜಾಗ ಬಿಡಬೇಕು, ಎದುರಿನ ಸ್ಕೂಟರಿನವನು ಯಾವ ಕಡೆ ನುಗ್ಗುತ್ತಾನೆ ಅಂತ ಮೊದಲೇ ಅವರಿಗೆ ತಿಳಿಯುತ್ತಿತ್ತು. ಅಕ್ಕನ ವಿಷಯ ಹೇಳಿದರು. ಇಬ್ಬರೂ ಸೇರಿ ಊಟ ಮಾಡಿ, ಮಧ್ಯಾಹ್ನ ಒಂದಿಷ್ಟು ಜಗಳವಾಡಿ ಬರುತ್ತಿದ್ದರಂತೆ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಅಕ್ಕನಿಗೆ ಹೇಳಿಲ್ಲವಂತೆ. ಮಂಡಿನೋವು ಅಂದಿದ್ದಾರಂತೆ.

ಮೆಜೆಸ್ಟಿಕ್ ದಾಟಿದ ಮೇಲೆ ಒಂದು ಸಿಗ್ನಲ್ಲಿನಲ್ಲಿ ನಿಂತೆವು. ಕೆಂಪು ದೀಪ ಬಹಳ ಹೊತ್ತು ಇತ್ತು. ಅವರು ಎದುರಿಗೇ ನೋಡುತ್ತ ಮಾತಾಡಿದರು.

"ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಲೋಟ ಹಿಡ್ಕೊಂಡು ಕೈ ನೋಡ್ಕೊಳ್ತಿದ್ದೆ. ಆ ನಡುಕ ಕೈಗೂ ಬಂತಾ ಅಂತ. ಪರೀಕ್ಷೆ ಮಾಡಿದ ಡಾಕ್ಟರು ಏನೂ ಇಲ್ಲ ಅಂದ್ರೂ ನೋಡ್ಕೊಳ್ತಿದ್ದೆ. ನೀವು ಬಂದು ಹೇಳಿ ಹೋದ್ರಲ್ಲ, ಆಮೇಲೂ ನೋಡ್ಕೊಂಡೆ."

"ಇವತ್ತು?" ಅಂದೆ.

"ಇವತ್ತೂ ನೋಡ್ಕೊಂಡೇ ಬಂದೆ."

ಹಸಿರು ಬಿತ್ತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ಅವರು ಒಮ್ಮೆ ಕೆಳಗೆ ಪೆಡಲಿನ ಕಡೆ ನೋಡಿ, ಮೊದಲನೇ ಗೇರ್ ಹಾಕಿದರು.